ಇಬ್ಬರಿಗೂ ಒಂದೇ ವಿಳಾಸ

ನಯನಾಳಿಗೆ ಆಫೀಸಿನಲ್ಲಿ ಇಟ್ಟ ಹೆಸರು ‘ಮೇಲಮ್ಮ’. ಹೆಬ್ಬಾಳದ ಆ ಬಿತ್ತನೆ ಬೀಜದ ಕಂಪನಿಯಲ್ಲಿ ಇಮೇಲ್ ವ್ಯವಸ್ಥೆ ನೋಡಿಕೊಳ್ಳುವವಳು ಅವಳೊಬ್ಬಳೇ. ಯಾರದ್ದಾದರೂ ಮೇಲ್ ಹೋಗದಿದ್ದರೆ ಇಡೀ ಆಫೀಸು ಅವಳ ಮೇಜಿನ ಮುಂದೆ ಬಂದು ನಿಲ್ಲುತ್ತದೆ. ಎಲ್ಲವೂ ಸರಿಯಾಗಿ ಹೋಗುತ್ತಿದ್ದರೆ ಅಂಥವಳೊಬ್ಬಳು ಇದ್ದಾಳೆಂಬುದೇ ಯಾರಿಗೂ ನೆನಪಿರುವುದಿಲ್ಲ. ನಯನಾ ಇದಕ್ಕೆ ಬೇಜಾರು ಮಾಡಿಕೊಳ್ಳುವ ಕಾಲ ಮುಗಿದು ಬಹಳ ದಿನವಾಗಿತ್ತು.

ಈ ಮೇಲಮ್ಮನಿಗೆ ಕಳೆದ ತಿಂಗಳು ಹೊಸದೊಂದು ಕೆಲಸ ಗಂಟುಬಿತ್ತು. ಯಾವುದೋ ಬದನೆ ತಳಿಯ ಬಗ್ಗೆ ಕೋರ್ಟಿನಲ್ಲಿ ತಕರಾರಿತ್ತು. ಆ ತಳಿಯ ಹೆಸರು ಹಳೆಯ ಮೇಲ್‌ಗಳಲ್ಲಿ ಎಲ್ಲೆಲ್ಲಿ ಬಂದಿದೆಯೋ ಅಷ್ಟನ್ನೂ ಹುಡುಕಿಕೊಡಿ ಎಂದರು ವಕೀಲರು. ಕಂಪನಿ ಶುರುವಾದಾಗಿನಿಂದ ಕೂಡಿಟ್ಟ ಮೇಲ್‌ಗಳು. ಒಂದೊಂದೇ ತೆರೆದು ಓದುತ್ತ ಕೂತರೆ ನಿವೃತ್ತಿಯೇ ಬಂದುಬಿಡುತ್ತದೆ. ನಯನಾ ಅಷ್ಟನ್ನೂ ಒಂದು ಡಿಸ್ಕಿಗೆ ಸುರಿದು, ಮೇಲ್ ಹುಡುಕುವುದಕ್ಕೆಂದೇ ಇರುವ ಒಂದು ಪುಕ್ಕಟೆ ತಂತ್ರಾಂಶ ಹಾಕಿದಳು. ಅದಕ್ಕೆ ಬಣ್ಣವಿಲ್ಲ, ಒತ್ತುವ ಗುಂಡಿಗಳಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಅದು ಒಮ್ಮೆ ಎಲ್ಲ ಮೇಲ್‌ಗಳನ್ನೂ ಓದಿ, ಯಾವ ಪದ ಯಾವುದರಲ್ಲಿದೆ ಎಂದು ಪುಸ್ತಕದ ಕೊನೆಯ ಪದಸೂಚಿಯ ಹಾಗೆ ಗುರುತು ಹಾಕಿಟ್ಟುಕೊಳ್ಳುತ್ತದೆ. ಆಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಮುಗಿಯಿತು. ಬದನೆಯ ಹೆಸರು ಟೈಪ್ ಮಾಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅದೆಷ್ಟೋ ವರ್ಷಗಳ ಬದನೆ ಎದ್ದು ಬಂದು ಎದುರಿಗೆ ನಿಂತಿತು. ನಿವೃತ್ತರಾದವರು, ಕೆಲಸ ಬಿಟ್ಟವರು, ತೀರಿಕೊಂಡವರು, ಎಲ್ಲರೂ ಬದನೆಯ ಬಗ್ಗೆ ಅಂದು ಆಡಿದ ಜಗಳವನ್ನೇ ಇಂದೂ ಆಡುತ್ತಿದ್ದರು.

ಡಬ್ಬಿಯ ಮೊಸರನ್ನ ಬಾಯಿಗಿಡುತ್ತಿದ್ದ ನಯನಾಳ ಕೈ ಅಲ್ಲೇ ನಿಂತಿತು. ಯಾರಿಗೂ ಬೇಡದ ಬದನೆಯೇ ಕರೆದ ಕೂಡಲೇ ಬರುವುದಾದರೆ ಫರ್ಹೀನ್ ಯಾಕೆ ಬರಬಾರದು?

ಫರ್ಹೀನ್ ಆರ್.ಟಿ. ನಗರದ ಪಿಯುಸಿ ಕಾಲೇಜಿನಲ್ಲಿ ಅವಳ ಪಕ್ಕದಲ್ಲಿ ಕೂರುತ್ತಿದ್ದವಳು. ಪಕ್ಕದಲ್ಲಿ ಎಂದರೆ ಕಡಿಮೆಯಾಯಿತು. ಒಂದೇ ಡಬ್ಬಿ, ಒಂದೇ ಛತ್ರಿ, ಪರೀಕ್ಷೆಯಲ್ಲಿ ಒಂದೇ ತಪ್ಪು. ಆಗ ಬೀದಿಗೊಂದು ಸೈಬರ್ ಕೆಫೆ ಎದ್ದಿತ್ತು. ಎಲ್ಲರಿಗೂ ಇಮೇಲ್ ವಿಳಾಸ ಇದೆಯೆಂದು ಇವರೂ ಒಂದು ಸಂಜೆ ಹೋದರು. ಆ ಕಂಪ್ಯೂಟರ್ ಪುಟ ತೆರೆಯುವುದಕ್ಕೆ ತಗೊಂಡ ಸಮಯದಲ್ಲಿ ಅನ್ನವೇ ಬೇಯುತ್ತಿತ್ತು. ಅರ್ಧ ಗಂಟೆ ಮುಗಿಯುವ ಹೊತ್ತಿಗೆ ಒಂದೇ ಒಂದು ವಿಳಾಸ ಆಗಿತ್ತು. ಇಬ್ಬರ ಹೆಸರನ್ನೂ ಅರ್ಧರ್ಧ ಸೇರಿಸಿ ಅದಕ್ಕೆ ಇಟ್ಟಿದ್ದರು. ಇನ್ನೊಂದು ನಾಳೆ ಮಾಡೋಣ ಎಂದುಕೊಂಡರು. ಆ ನಾಳೆ ಬರಲೇ ಇಲ್ಲ, ಅದು ಬೇಕೂ ಆಗಲಿಲ್ಲ. ಬರೆಯುವುದಕ್ಕೆ ಅವರಿಗೆ ಇದ್ದದ್ದು ಒಬ್ಬರಿಗೊಬ್ಬರೇ. ಆ ವಿಳಾಸದಿಂದ ಆ ವಿಳಾಸಕ್ಕೇ ಕಳಿಸಿಕೊಳ್ಳುತ್ತಿದ್ದರು. ಒಬ್ಬಳು ಬೆಳಿಗ್ಗೆ ಬಂದು ಬರೆದು ಹೋದರೆ ಇನ್ನೊಬ್ಬಳು ಸಂಜೆ ಬಂದು ಓದಿ ಬರೆಯುವಳು. ಕೆಳಗೆ ಹೆಸರು ಹಾಕುವ ಮಾತೇ ಇರಲಿಲ್ಲ. ಒಮ್ಮೆ ನಯನಾ ಹೆಸರು ಹಾಕಿದ್ದಕ್ಕೆ ಫರ್ಹೀನ್ ದಿನವಿಡೀ ಮಾತು ಬಿಟ್ಟಿದ್ದಳು. “ನೀನ್ಯಾರು ಅಂತ ನಂಗ್ ಗೊತ್ತಿಲ್ವಾ? ನಾನೇನ್ ಬ್ಯಾಂಕ್ ಮ್ಯಾನೇಜರ್ರಾ, ಸೈನ್ ಹಾಕೋಕೆ?”

ಡಿಗ್ರಿ ಮುಗಿಯಿತು. ಫರ್ಹೀನ್ ನಿಕಾಹ್ ಆಗಿ ಸೌದಿಯ ದಮ್ಮಾಮ್‌ಗೆ ಹೋದಳು. ನಯನಾಳಿಗೆ ಕೆಲಸ ಸಿಕ್ಕಿತು, ಆಮೇಲೆ ಕೊಡಿಗೇಹಳ್ಳಿಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಮಹೇಂದ್ರ ಸಿಕ್ಕಿದ. ಬೇರೆ ಕೆಲಸಕ್ಕೆ ಬೇರೆ ವಿಳಾಸಗಳು ಬಂದವು, ಮೊಬೈಲ್ ಬಂದವು. ಆದರೂ ಹೇಳಬೇಕಾದ್ದನ್ನು ಹೇಳಲು ಇಬ್ಬರೂ ಆ ಹಳೆಯ ವಿಳಾಸಕ್ಕೇ ಬರುತ್ತಿದ್ದರು. ಗಂಡನ ಮೇಲಿನ ಕೋಪ, ಅತ್ತೆಯ ಕೈರುಚಿ, ಮೂರು ತಿಂಗಳಿಗೇ ಇಳಿದುಹೋದ ಬಸಿರು, ಎಲ್ಲವೂ ಅಲ್ಲಿಗೆ ಬಂದವು. ಹಾಗೆ ವರ್ಷಗಳು ಹೋದವು. ಆಮೇಲೆ ನಿಂತಿತು.

ಯಾಕೆ ನಿಂತಿತು ಎಂಬುದರ ಬಗ್ಗೆ ನಯನಾಳಿಗೆ ಒಂದು ಖಚಿತವಾದ ಕತೆಯಿತ್ತು. ಮಗಳು ಹುಟ್ಟಿದ ವರ್ಷ ಅದು; ನಿದ್ದೆಯಿಲ್ಲ, ಬಿಡುವಿಲ್ಲ. ಆದರೂ ತಾನೇ ಕೊನೆಯದಾಗಿ ಬರೆದದ್ದು, ಅದಕ್ಕೆ ಫರ್ಹೀನ್ ಉತ್ತರ ಕೊಡಲಿಲ್ಲ. ಕಾದಳು. ಮತ್ತೆ ತೆರೆದು ನೋಡಿದಾಗಲೂ ತನ್ನದೇ ಮೇಲ್ ಮೇಲುಗಡೆ ಹಾಗೇ ಕೂತಿತ್ತು. ಇನ್ನೊಂದು ಬರೆಯಬಹುದಿತ್ತು. ಬರೆಯಲಿಲ್ಲ. ಅವಳಿಗೇ ಬೇಡವಾದರೆ ನನಗ್ಯಾಕೆ ಎಂದು ಮುಖ ತಿರುಗಿಸಿಕೊಂಡು, ಆ ಪುಟ ತೆರೆಯುವುದನ್ನೇ ಬಿಟ್ಟಳು. ಅದಾಗಿ ಹನ್ನೆರಡು ವರ್ಷ. ತಿರುಗಿಸಿಕೊಂಡ ಮುಖ ಎಷ್ಟೋ ರಾತ್ರಿ ದಿಂಬು ಒದ್ದೆ ಮಾಡಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೊಸ ಗೆಳತಿಯರು ಆಗದೇ ಇರಲಿಲ್ಲ. ಆದರೆ ಹೆಸರು ಹಾಕದೆ ಬರೆಯಬಹುದಾದವರು ಮತ್ತೆ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಅಮೃತಹಳ್ಳಿಯ ಮನೆಯಲ್ಲಿ, ತಿಂಡಿ ಮುಗಿದ ಮೇಲೆ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಳು. ಹಳೆಯ ಪಾಸ್‌ವರ್ಡ್ ಬೆರಳಿಗೇ ನೆನಪಿತ್ತು. ಒಂದೇ ಏಟಿಗೆ ಬಾಗಿಲು ತೆರೆಯಿತು. ಆ ಖುಷಿಯಲ್ಲಿ ಅವಳು ಬೇರೇನನ್ನೂ ಯೋಚಿಸಲಿಲ್ಲ. ಅಲ್ಲಿದ್ದ ಮೇಲ್‌ಗಳನ್ನೆಲ್ಲ ಇಳಿಸಿಕೊಂಡು ಸೂಚಿ ಕಟ್ಟಿದಳು. ಕಾಫಿ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಹುಡುಕುವುದಕ್ಕೆ ಕೂತಾಗ ಎಡವಟ್ಟು ತಿಳಿಯಿತು. ಯಾರಿಂದ ಬಂದದ್ದು ಎಂದು ಕೇಳಿದರೆ ಎಲ್ಲವೂ ಒಂದೇ ವಿಳಾಸದಿಂದ. ಯಾರಿಗೆ ಹೋದದ್ದು ಎಂದು ಕೇಳಿದರೂ ಅದೇ. ಆಫೀಸಿನಲ್ಲಿ ಯಾರ ಜಗಳ ಯಾರದ್ದೆಂದು ಕ್ಷಣದಲ್ಲಿ ಬೇರೆ ಮಾಡಿ ಕೊಟ್ಟಿದ್ದ ತಂತ್ರಾಂಶ ಇಲ್ಲಿ ಪೆಚ್ಚಾಗಿ ಅಷ್ಟನ್ನೂ ತಂದು ಮುಂದೆ ಸುರಿಯಿತು. ಹೋಗಲಿ, ಮಾತಿನಿಂದ ಹಿಡಿಯೋಣವೆಂದು ‘ಯಾ ಅಲ್ಲಾ’ ಎಂದು ಹುಡುಕಿದಳು. ಬಂದ ಮೊದಲ ಮೇಲ್ ಓದಿ ನಕ್ಕಳು. ಯಶವಂತಪುರದ ಸಂತೆಯಲ್ಲಿ ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲಿ ಮನೆಗೆ ಬಂದ ಕತೆ. ಕಿತ್ತದ್ದು ನಯನಾಳ ಚಪ್ಪಲಿ, ಬರೆದವಳು ನಯನಾ. ‘ಅಯ್ಯೋ ಶಿವನೇ’ ಎಂದು ಹುಡುಕಿದರೆ ಬಂದದ್ದು ದಮ್ಮಾಮ್‌ನ ಬಿಸಿಲಿನ ಬಗ್ಗೆ ಫರ್ಹೀನ್ ಬರೆದದ್ದು. ಇವಳ ನಾಲಿಗೆ ಅವಳಿಗೆ, ಅವಳ ನಾಲಿಗೆ ಇವಳಿಗೆ. ಅಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡದ್ದಕ್ಕೆ ಇನ್ನೇನಾಗುತ್ತದೆ?

ಊರು, ಬಿಸಿಲು, ಚಪ್ಪಲಿ ಇದ್ದಲ್ಲಿ ಗುರುತು ಸಿಗುತ್ತಿತ್ತು. ಬರೀ ಮನಸ್ಸಿನ ಮಾತಿದ್ದಲ್ಲಿ ಸಿಗುತ್ತಿರಲಿಲ್ಲ. ‘ನೀನಿಲ್ದೆ ಇವತ್ತು ಬೋರು’ ಎಂಬ ಒಂದು ಸಾಲಿನ ಮುಂದೆ ನಯನಾ ಬಹಳ ಹೊತ್ತು ಕೂತಿದ್ದಳು. ಇದು ನಾನು ಅವಳಿಗೆ ಹೇಳಿದ್ದೋ, ಅವಳು ನನಗೆ ಹೇಳಿದ್ದೋ? ಎರಡೂ ನಿಜವೆನಿಸಿತು.

ಫರ್ಹೀನ್ ಈಗೆಲ್ಲಿದ್ದಾಳೆಂಬ ಸುಳಿವು ಮಾತ್ರ ಎಲ್ಲೂ ಇರಲಿಲ್ಲ. ಗಂಡನನ್ನು ಅವಳು ‘ನಮ್ಮವರು’ ಎಂದೇ ಬರೆದಿದ್ದಳು, ಹೆಸರು ಹಿಡಿದು ಹುಡುಕುವಂತಿರಲಿಲ್ಲ. ಆ ಕೊನೆಯ ಮೇಲ್ ಆದ ಮೇಲೆ ಏನಾದರೂ ಬಂದಿದೆಯೇ ಎಂದು ತಾರೀಕು ಕೊಟ್ಟು ಕೇಳಿದಳು. ಪರದೆ ಒಂದಕ್ಷರವನ್ನೂ ತೋರಿಸಲಿಲ್ಲ.

“ಏನ್ ಸಮಾಚಾರ, ಭಾನುವಾರಾನೂ ಆಫೀಸಾ?” ಎಂದು ಮಹೇಂದ್ರ ಬಾಗಿಲಲ್ಲಿ ನಿಂತ.

“ಆಫೀಸಲ್ಲ ರೀ. ಫರ್ಹೀನ್‌ನ ಹುಡುಕ್ತಿದೀನಿ.”

ಮಹೇಂದ್ರನಿಗೆ ಆ ಹೆಸರು ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ದಿನಕ್ಕೆ ಹತ್ತು ಸಲ ಕೇಳಿ, ಆಮೇಲೆ ಅಚಾನಕ್ಕಾಗಿ ಕೇಳುವುದೇ ನಿಂತುಹೋದ ಹೆಸರು. “ಫೇಸ್‌ಬುಕ್ಕಲ್ಲಿ ನೋಡೇ.”

“ನೋಡಿದೆ. ಸಾವಿರ ಜನ ಇದಾರೆ. ಅರ್ಧ ಜನ ಗುಲಾಬಿ ಹೂವಿನ ಫೋಟೋ ಹಾಕ್ಕೊಂಡಿದಾರೆ.”

“ಹಂಗಾದ್ರೆ ಅವರಮ್ಮನ ಮನೆಗೇ ಹೋಗ್ಬಾ. ಇಲ್ಲಿಂದಿಲ್ಲಿಗೆ ಆರ್.ಟಿ. ನಗರ. ಬಾ, ನಾನೇ ಬಿಡ್ತೀನಿ.”

ಇಲ್ಲಿಂದಿಲ್ಲಿಗೆ ಆರ್.ಟಿ. ನಗರ. ಅದನ್ನು ಕೇಳಿ ನಯನಾಳಿಗೆ ನಾಚಿಕೆಯಾಯಿತು. ಹನ್ನೆರಡು ವರ್ಷದಲ್ಲಿ ಎಷ್ಟು ಸಲ ಆ ದಾರಿಯಲ್ಲಿ ಹೋಗಿಲ್ಲ? ಆ ಬೀದಿಯ ತಿರುವು ಬಂದಾಗಲೆಲ್ಲ ಅವಳು ಫೋನ್ ನೋಡುತ್ತಿದ್ದಳು.

ಫರ್ಹೀನಳ ತಾಯಿ ಶಹರ್ಬಾನು ಇದ್ದ ಹಂಚಿನ ಮನೆ ಅಲ್ಲಿರಲಿಲ್ಲ. ಅಲ್ಲೀಗ ನಾಲ್ಕು ಮಹಡಿ, ಕೆಳಗೆ ಔಷಧಿ ಅಂಗಡಿ. ಎದುರು ಮನೆ ಮಾತ್ರ ಹಾಗೇ ಇತ್ತು, ಅದರ ಜಗಲಿಯಲ್ಲಿ ಖುರ್ಷೀದ್ ಖಾಲಾ ಕೂಡ ಹಾಗೇ ಕೂತಿದ್ದಳು, ಸ್ವಲ್ಪ ಕುಗ್ಗಿದ್ದಳು ಅಷ್ಟೆ. ಈ ಖಾಲಾ ಆ ಬೀದಿಯ ಹೆಣ್ಣುಮಕ್ಕಳಿಗೆಲ್ಲ ಬಟ್ಟೆ ಹೊಲಿಯುತ್ತಿದ್ದವಳು. ಕಾಲೇಜಿನ ಸಮಾರಂಭಕ್ಕೆ ಇಬ್ಬರಿಗೂ ಒಂದೇ ಥಾನಿನ ಬಟ್ಟೆಯಲ್ಲಿ ಚೂಡಿದಾರ ಹೊಲಿದುಕೊಟ್ಟಿದ್ದಳು. ನಯನಾಳನ್ನು ನೋಡಿ ಕಣ್ಣು ಕಿರಿದು ಮಾಡಿದಳು.

“ಯಾರಮ್ಮಾ? ಅರೆ, ನಮ್ ಫರ್ಹೀನ್ ಜೊತೆ ಬರ್ತಿದ್ಯಲ್ಲ, ಆ ಹುಡ್ಗೀನಾ ನೀನು? ಎಷ್ಟ್ ದಪ್ಪ ಆಗಿದೀಯಾ ಬೇಟಾ!”

“ಹೌದು ಖಾಲಾ. ಫರ್ಹೀನ್ ಎಲ್ಲಿದಾಳೆ ಈಗ? ಅಮ್ಮ ಎಲ್ಲಿ?”

ಖುರ್ಷೀದ್ ಖಾಲಾ ಸೆರಗು ತಲೆಯ ಮೇಲೆ ಎಳೆದುಕೊಂಡಳು. “ಶಹರ್ಬಾನು ಹೋಗ್ಬಿಟ್ಳಮ್ಮ. ಕೊರೊನಾಕ್ಕೆ ಮುಂಚೇನೇ. ಆತಿಫ್ ಮನೆ ಮಾರ್ಬಿಟ್ಟು ಎಲ್ಲೋ ಹೋದ.” ಆತಿಫ್ ಎಂದರೆ ಫರ್ಹೀನಳ ಅಣ್ಣ. “ಫರ್ಹೀನ್ ಬಂದಿದ್ಳು ಅಮ್ಮ ಹೋದಾಗ. ಇಲ್ಲೇ, ನನ್ನ ಹತ್ರಾನೇ ಕೂತಿದ್ಳು ಪಾಪ, ಮೂರು ದಿನ. ನಿನ್ನ ಹೆಸರು ಹೇಳಿ ಹೇಳಿ ಅತ್ತಳು.”

ನಯನಾ ಜಗಲಿಯ ಮೇಲೆ ಖಾಲಾಳ ಪಕ್ಕ ಕೂತಳು. “ನನ್ನ ಹೆಸರಾ?”

“ಹೂಂ ಮತ್ತೆ! ನಯನಾ ಈ ಕಡೆ ಬರ್ತಾಳಾ ಖಾಲಾ ಅಂತ ಕೇಳಿದ್ಳು. ನಾನು ಇಲ್ಲ ಅಂದೆ. ಇಲ್ದಿರೋದನ್ನ ಹೆಂಗಮ್ಮಾ ಹೇಳ್ಲಿ? ‘ನಾನು ಬರೆದೆ ಖಾಲಾ, ಅವಳು ಜವಾಬೇ ಕೊಡ್ಲಿಲ್ಲ’ ಅಂದ್ಳು. ಅದೇನ್ ಜಗಳಾನೋ ನಿಮ್ಮದು, ನಂಗೇನ್ ಗೊತ್ತು.”

“ಅವಳು ಬರೆದಳಾ? ಇಲ್ಲ ಖಾಲಾ, ನಾನು ಬರೆದದ್ದು. ಉತ್ತರ ಕೊಡದೇ ಇದ್ದದ್ದು ಅವಳು.”

“ಆಯ್ತು ಬಿಡು, ನೀನೇ ಬರೆದೆ,” ಎಂದಳು ಖಾಲಾ, ಮಕ್ಕಳ ಜಗಳ ಬಿಡಿಸುವ ದನಿಯಲ್ಲಿ. “ಅವಳ ನಂಬರ್ ಇತ್ತು ನನ್ನ ಹತ್ರ. ಮೊಮ್ಮಗ ಫೋನ್ ನೀರಿಗೆ ಹಾಕ್ಬಿಟ್ಟ, ಎಲ್ಲಾ ಹೋಯ್ತು. ಚಾ ಕುಡೀತೀಯಾ?”

ಚಹಾ ಕುಡಿದಳು. ಅದರ ರುಚಿ ಅವಳಿಗೆ ತಿಳಿಯಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ನಾನು ಬರೆದೆ, ಅವಳು ಜವಾಬೇ ಕೊಡಲಿಲ್ಲ. ಇದು ಹನ್ನೆರಡು ವರ್ಷದಿಂದ ತಾನು ಹೇಳಿಕೊಳ್ಳುತ್ತ ಬಂದ ಮಾತು. ಅದು ಅವಳ ಬಾಯಿಗೆ ಹೇಗೆ ಹೋಯಿತು?

ಮನೆಗೆ ಬಂದವಳೇ ಆ ಕೊನೆಯ ಮೇಲ್ ತೆರೆದಳು. ಅದರಲ್ಲಿ ಊರಿಲ್ಲ, ಬಿಸಿಲಿಲ್ಲ. ‘ನಂಗೇನೂ ಕೋಪ ಇಲ್ಲ ಕಣೇ. ಆದ್ರೆ ನೀನು ಬರೆಯೋತನಕ ನಾನೂ ಬರೆಯಲ್ಲ. ನೋಡೋಣ ಯಾರಿಗೆ ಹಠ ಜಾಸ್ತಿ ಅಂತ.’ ಅಷ್ಟೇ. ಹಠವೆಂದರೆ ನಯನಾ, ನಯನಾ ಎಂದರೆ ಹಠ. ನಯನಾಳ ಅಮ್ಮನನ್ನು ಕೇಳಿದರೂ ಹೇಳುತ್ತಾರೆ. ಇದು ತನ್ನದೇ ಎನ್ನುವುದರಲ್ಲಿ ಅವಳಿಗೆ ಎಂದೂ ಅನುಮಾನ ಬಂದಿರಲಿಲ್ಲ.

ಪ್ರತಿ ಮೇಲ್‌ನ ತಲೆಯ ಮೇಲೆ ಸಾಮಾನ್ಯರ ಕಣ್ಣಿಗೆ ಬೀಳದ ಒಂದಷ್ಟು ಸಾಲುಗಳಿರುತ್ತವೆ. ಎಲ್ಲಿಂದ ಹೊರಟಿತು, ಯಾವ ದಾರಿಯಲ್ಲಿ ಬಂತು ಎಂಬ ವಿವರ. ಲಕೋಟೆಯ ಮೇಲಿನ ಅಂಚೆ ಮುದ್ರೆಯಿದ್ದ ಹಾಗೆ. ಯಾವ ಕಂಪ್ಯೂಟರಿನಲ್ಲಿ ಕೂತು ಬರೆದದ್ದು ಎಂಬುದರ ಅಂಕಿಯನ್ನೂ ಆಗಿನ ಮೇಲ್‌ಗಳಲ್ಲಿ ಅಲ್ಲೇ ಹಾಕುತ್ತಿದ್ದರು. ಆಫೀಸಿನಲ್ಲಿ ಬೇರೆಯವರ ಮೇಲ್‌ಗೆ ತಕರಾರು ಬಂದರೆ ನಯನಾ ಮೊದಲು ನೋಡುವುದೇ ಅದನ್ನು. ತನ್ನದೇ ಮೇಲ್‌ಗೆ ನೋಡಬೇಕೆಂದು ಅವಳಿಗೆ ಇಷ್ಟು ವರ್ಷ ತೋಚಿರಲಿಲ್ಲ. ತನ್ನ ಚಪ್ಪಲಿಯ ಗುರುತು ಯಾರು ನೋಡುತ್ತಾರೆ?

ಹೋಲಿಸಿ ನೋಡಲು ಖಂಡಿತವಾಗಿ ತಾನೇ ಬರೆದ ಒಂದನ್ನು ತೆಗೆದಳು, ಖಂಡಿತವಾಗಿ ಫರ್ಹೀನ್ ಬರೆದದ್ದೊಂದನ್ನು ತೆಗೆದಳು. ತನ್ನದರ ಮೇಲೆ ಹೆಬ್ಬಾಳದ ಆಫೀಸಿನ ಅಂಕಿ. ಅವಳದರ ಮೇಲೆ ದಮ್ಮಾಮ್‌ನದು. ಆಮೇಲೆ ಕೊನೆಯದನ್ನು ತೆಗೆದಳು.

ದಮ್ಮಾಮ್.

ಇನ್ನೊಮ್ಮೆ ನೋಡಿದಳು. ದಮ್ಮಾಮೇ. ಅಂಕಿ ಸುಳ್ಳು ಹೇಳುವುದಿಲ್ಲವೆಂದು ಅವಳಷ್ಟು ಚೆನ್ನಾಗಿ ತಿಳಿದವರು ಯಾರು? ಹಠ ತನ್ನದಾಗಿರಲಿಲ್ಲ, ಫರ್ಹೀನ್ ಇವಳ ಹಠವನ್ನು ಅಣಕಿಸಿ ಬರೆದದ್ದಾಗಿತ್ತು. ಅದು ತಮಾಷೆ. ಕೂಸು ಎತ್ತಿಕೊಂಡು, ನಿದ್ದೆಗಣ್ಣಲ್ಲಿ ಪುಟ ತೆರೆದ ನಯನಾ ತನ್ನದೇ ಮಾತಿನಂತಿದ್ದ ಆ ಮಾತನ್ನು ತನ್ನದೇ ಎಂದು ಓದಿಕೊಂಡಿದ್ದಳು. ತನಗೆ ಬಂದ ಮೇಲ್‌ಗೆ ಉತ್ತರ ಬರಲಿಲ್ಲವೆಂದು ಹನ್ನೆರಡು ವರ್ಷ ಕೋಪ ಮಾಡಿಕೊಂಡಿದ್ದಳು. ಇಂಥ ದಡ್ಡತನ ಇನ್ಯಾರಾದರೂ ಮಾಡಲು ಸಾಧ್ಯವಿತ್ತೇ? ಬೇರೆಯವರಿಗೆ ತಲಾ ಒಂದೊಂದು ವಿಳಾಸವಿರುತ್ತದೆ.

ನಯನಾ ಅತ್ತಳು. ಸದ್ದು ಮಾಡಿಯೇ ಅತ್ತಳು. ಮಹೇಂದ್ರ ಓಡಿಬಂದು, ವಿಷಯ ಕೇಳಿ, ಒಂದು ಲೋಟ ನೀರು ತಂದುಕೊಟ್ಟ.

“ಈಗ ಬರಿ ಮತ್ತೆ,” ಎಂದ.

“ಯಾರಿಗ್ ರೀ ಬರೀಲಿ? ಇದೇ ವಿಳಾಸಕ್ಕೇ ಬರೀಬೇಕು. ಅವಳು ಇದನ್ನ ಮರೆತು ಎಷ್ಟು ಕಾಲ ಆಯ್ತೋ. ಗೋಡೆಗೆ ಬರೆದಂಗೆ ಅದು.”

ಬರೆಯಲು ಕೂತಳು. ‘ಫರ್ಹೀನ್’ ಎಂದು ಬರೆದು ಅಳಿಸಿದಳು. ಕ್ಷಮಿಸು ಎಂದರೆ ಯಾತಕ್ಕೆ ಎಂದು ಇಡೀ ಕತೆ ಹೇಳಬೇಕು. ಕತೆ ಹೇಳಿದರೆ ಓದುವವರು ಯಾರು? ಲ್ಯಾಪ್‌ಟಾಪ್ ಮುಚ್ಚಿಟ್ಟಳು.

ಆದರೂ ಸುಮ್ಮನಿರಲಾಗಲಿಲ್ಲ. ಮಾರನೆಯ ದಿನ ಆಫೀಸಿಗೆ ಹೊರಡುವ ಮುಂಚೆ, ಆಸೆಯೇನೂ ಇಲ್ಲವೆಂದು ತನಗೆ ತಾನೇ ಹೇಳಿಕೊಳ್ಳುತ್ತ, ಹೊಸ ಮೇಲ್ ಇಳಿಸಿಕೊಳ್ಳುವ ಆ ಒಂದು ಸಾಲು ಟೈಪ್ ಮಾಡಿದಳು. ‘ಹೊಸದು: ಒಂದು’ ಎಂದು ಇಂಗ್ಲಿಷಿನಲ್ಲಿ ತೋರಿಸಿತು ಪರದೆ. ತೆರೆದರೆ ಯಾವುದೋ ಸೀರೆ ಅಂಗಡಿಯ ಶ್ರಾವಣದ ರಿಯಾಯಿತಿ. ತಾನು ಎಂದೋ ಒಂದು ಸೀರೆಗೆಂದು ಅಲ್ಲಿ ಈ ವಿಳಾಸ ಕೊಟ್ಟಿದ್ದಳು. ಹಾಳಾದವರು ಇನ್ನೂ ಕಳಿಸುತ್ತಲೇ ಇದ್ದಾರೆ ಎಂದು ಬೈದು ಎದ್ದಳು.

ಅದರ ಮರುದಿನ ಬೆಳಿಗ್ಗೆ ಮತ್ತೆ ಅದೇ ಸಾಲು ಟೈಪ್ ಮಾಡಿದಳು. ಈ ಸಲ ಹೊಸದೇನೂ ಇರಲಿಲ್ಲ. ಆದರೆ ಕೆಳಗೆ ಇನ್ನೊಂದು ಸಾಲಿತ್ತು. ‘ತೆಗೆದುಹಾಕಿದ್ದು: ಒಂದು.’

ಸೀರೆಯ ರಿಯಾಯಿತಿ ಅಲ್ಲಿರಲಿಲ್ಲ.

ನಯನಾ ಅದನ್ನು ಮುಟ್ಟಿರಲಿಲ್ಲ. ಮೊದಲು ತನ್ನದೇ ಕೈ ತಪ್ಪಿರಬೇಕೆಂದುಕೊಂಡಳು. ಆಮೇಲೆ ಆಫೀಸಿನ ಕ್ಯಾಬ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದರೂ ಕೂತಲ್ಲಿಂದ ಏಳಲಾಗಲಿಲ್ಲ. ಎರಡು ದಿನದಿಂದ ಕಣ್ಣೆದುರೇ ಇದ್ದದ್ದು ಈಗ ಕಂಡಿತು.

ಪುಕ್ಕಟೆ ಕೊಡುವ ಇಂಥ ವಿಳಾಸಗಳನ್ನು ವರ್ಷವಿಡೀ ಯಾರೂ ತೆರೆಯದಿದ್ದರೆ ಕಂಪನಿಯವರು ಮುಚ್ಚಿಬಿಡುತ್ತಾರೆ. ಒಳಗಿದ್ದದ್ದನ್ನೂ ಅಳಿಸಿಬಿಡುತ್ತಾರೆ. ಆಫೀಸಿನಲ್ಲಿ ಎಷ್ಟು ಜನರಿಗೆ ಇದನ್ನು ಇವಳೇ ಹೇಳಿ ಎಚ್ಚರಿಸಿಲ್ಲ? ತಾನು ಹನ್ನೆರಡು ವರ್ಷ ಈ ಕಡೆ ತಲೆಹಾಕಿಲ್ಲ. ಹಾಗಿದ್ದೂ ಪಾಸ್‌ವರ್ಡ್ ಒಂದೇ ಏಟಿಗೆ ಹಿಡಿಯಿತು. ಅದೂ ಹೋಗಲಿ. ಸೀರೆ, ಬಸ್ಸು, ಸಾಲ, ತೂಕ ಇಳಿಸುವ ಪುಡಿ, ಇಷ್ಟೆಲ್ಲದರ ಜಾಹೀರಾತು ಬಂದು ಬೀಳುವ ಪೆಟ್ಟಿಗೆ ಇದು. ಯಾರೂ ಬಾರದ ಪೆಟ್ಟಿಗೆಯಲ್ಲಿ ಈ ಹೊತ್ತಿಗೆ ಅವು ಸಾವಿರಗಟ್ಟಲೆ ಗುಡ್ಡೆ ಬಿದ್ದಿರಬೇಕಿತ್ತು. ಭಾನುವಾರ ತಾರೀಕು ಕೊಟ್ಟು ಹುಡುಕಿದಾಗ ಪರದೆ ಏನನ್ನೂ ತೋರಿಸದ್ದಕ್ಕೆ ಅವಳು ದುಃಖಪಟ್ಟಿದ್ದಳು. ದುಃಖದಲ್ಲಿ ಮೇಲಮ್ಮನ ಬುದ್ಧಿ ಕೈಕೊಟ್ಟಿತ್ತು. ಏನೂ ಇಲ್ಲದೇ ಇರುವುದು ಸಾಧ್ಯವೇ ಇರಲಿಲ್ಲ.

ಯಾರೋ ಬರುತ್ತಿದ್ದಾರೆ. ಬಂದು ಕಸ ತೆಗೆದು ಹೋಗುತ್ತಿದ್ದಾರೆ. ಹನ್ನೆರಡು ವರ್ಷದಿಂದ.

ಮತ್ತು ಕಸವೆಲ್ಲ ಹೋದಮೇಲೆ ಮೇಲುಗಡೆ ಉಳಿಯುವುದು ಒಂದೇ ಮೇಲ್. ನಯನಾ ಎಂದಾದರೂ ಒಂದು ದಿನ ಬಾಗಿಲು ತೆರೆದರೆ ಮೊದಲು ಕಣ್ಣಿಗೆ ಬೀಳಬೇಕಾದದ್ದು ಅದೇ, ಬೇರೆ ಯಾವುದೂ ಅದನ್ನು ಮುಚ್ಚಬಾರದು. ಅಷ್ಟಕ್ಕಾಗಿ ಫರ್ಹೀನ್ ದಿನದಿನವೂ ಬರುತ್ತಿದ್ದಳು.

ಕ್ಯಾಬ್ ಹೊರಟುಹೋಯಿತು. ಅಂದು ಅವಳು ರಜೆ ಹಾಕಿದಳು.

“ಯಾವನೋ ಕಳ್ಳ ಇರ್ಬೇಕು ಕಣೇ,” ಎಂದ ಮಹೇಂದ್ರ, ಸಂಜೆ ಅಂಗಡಿಯಿಂದ ಬಂದು ಎಲ್ಲ ಕೇಳಿದ ಮೇಲೆ. “ಹ್ಯಾಕ್ ಮಾಡಿರ್ತಾನೆ. ಈಗೆಲ್ಲ ಅದೇ ಕೆಲಸ.”

“ಕಳ್ಳ ಬಂದು ಕಸ ಗುಡಿಸಿ ಹೋಗ್ತಾನೇನ್ರೀ?”

ಆದರೆ ಅವನ ಮಾತಿನ ಮುಳ್ಳು ಒಂದಿಷ್ಟು ಚುಚ್ಚಿ ಕೂತಿತು. ಕಳ್ಳನಲ್ಲದಿದ್ದರೆ ಯಂತ್ರವಿರಬಹುದು. ಜಾಹೀರಾತುಗಳನ್ನು ತಾನಾಗಿಯೇ ತೆಗೆಯುವ ಏರ್ಪಾಡನ್ನು ಎಂದೋ ಮಾಡಿಟ್ಟು ಮರೆತಿರಬಹುದು. ಆಸೆಪಟ್ಟು ಮತ್ತೆ ಬೀಳುವುದಕ್ಕೆ ನಯನಾಳಿಗೆ ಧೈರ್ಯವಿರಲಿಲ್ಲ. ಹಾಗಾಗಿ ಒಂದು ವಾರ ಏನೂ ಮಾಡದೆ ಕಾದು ನೋಡಿದಳು. ಆಫೀಸಿನಲ್ಲಿ ಕೆಲಸದ ನಡುನಡುವೆ, ಕಪ್ಪು ಪರದೆಯ ಒಂದು ಮೂಲೆಯಲ್ಲಿ, ಅದೇ ಸಾಲು. ಬಸ್ಸಿನ ಕೂಪನ್ ಬೆಳಿಗ್ಗೆ ಬಂತು, ಮಧ್ಯಾಹ್ನವೂ ಇತ್ತು, ಸಂಜೆಗೆ ಹೋಯಿತು. ಮರುದಿನದ್ದು ಮಧ್ಯಾಹ್ನಕ್ಕೇ ಹೋಯಿತು. ಶುಕ್ರವಾರ ಏನು ಬಂದರೂ ಹಾಗೇ ಉಳಿದವು, ಶನಿವಾರ ಒಟ್ಟಿಗೆ ಹೋದವು. ಯಂತ್ರಕ್ಕೆ ಶುಕ್ರವಾರ ಅಡುಗೆ ಹೆಚ್ಚಿರುವುದಿಲ್ಲ, ನೆಂಟರು ಬರುವುದಿಲ್ಲ. ಇದು ಮನೆ ಮಕ್ಕಳನ್ನು ಸಂಭಾಳಿಸಿಕೊಂಡು ಬಿಡುವಾದಾಗ ಬಂದು ಹೋಗುವ ಹೆಂಗಸಿನ ಕೈ. ಆ ಕೈಯ ಮದರಂಗಿಯೂ ಕಂಡಂತಾಗಿ ನಯನಾ ಪರದೆಯ ಮೇಲೆ ಬೆರಳಿಟ್ಟಳು. ಪಕ್ಕದ ಮೇಜಿನವರು ಸ್ಕ್ರೀನ್ ಒರೆಸುತ್ತಿದ್ದಾಳೆಂದುಕೊಂಡಿರಬೇಕು.

ಇಷ್ಟು ದಿನ ಇಷ್ಟು ಹತ್ತಿರ ಬಂದು ಹೋಗುತ್ತಿದ್ದವಳು ಮತ್ತೊಂದು ಸಾಲು ಬರೆಯಲಿಲ್ಲವಲ್ಲ ಎಂದು ಒಂದು ಕ್ಷಣ ಸಿಟ್ಟೂ ಬಂತು. ಆಡಿದ ಮಾತನ್ನು ಬಿಡದವಳು. ನೀನು ಬರೆಯುವತನಕ ಬರೆಯುವುದಿಲ್ಲ ಎಂದಿದ್ದಳು, ಬರೆಯಲಿಲ್ಲ. ಅಮ್ಮ ಸತ್ತಾಗಲೂ ಬರೆಯಲಿಲ್ಲ. ಮತ್ತೆ ಹಠ ಯಾರಿಗೆ ಜಾಸ್ತಿ?

ಭಾನುವಾರ ಮತ್ತೆ ಬರೆಯಲು ಕೂತಳು. ಉದ್ದದ ಮೇಲ್ ಬರೆದಳು. ಮಗಳು, ಕೆಲಸ, ಖುರ್ಷೀದ್ ಖಾಲಾ, ಅಂಕಿಗಳು, ತಪ್ಪು ಯಾರದ್ದು, ಹೇಗಾಯಿತು. ಓದಿದರೆ ವಕೀಲರಿಗೆ ಬರೆದ ಹಾಗಿತ್ತು. ಅಳಿಸಿದಳು. ಚಿಕ್ಕದು ಬರೆದಳು. ಅದು ಮದುವೆಗೆ ಬರಲಾಗದವರು ಕಳಿಸುವ ಶುಭಾಶಯದ ಹಾಗಿತ್ತು. ಅದನ್ನೂ ಅಳಿಸಿದಳು. ಹನ್ನೆರಡು ವರ್ಷದ ಮೇಲೆ ಮೊದಲ ಮಾತು ಯಾವುದಿರಬೇಕೆಂದು ಯಾರೂ ಯಾರಿಗೂ ಕಲಿಸಿಲ್ಲ.

ಪೆಟ್ಟಿಗೆಯಲ್ಲಿ ಅಷ್ಟರಲ್ಲಿ ಮೂರು ಕಸ ಬಂದು ಬಿದ್ದಿದ್ದವು. ಗೃಹಸಾಲ, ಕುಕ್ಕರ್, ಮತ್ತೆ ಸೀರೆ. ಕೊನೆಯ ಮೇಲ್ ಅವುಗಳ ಕೆಳಗೆ ಮುಚ್ಚಿಹೋಗಿತ್ತು. ನಯನಾಳಿಗೆ ಅದನ್ನು ನೋಡಲಾಗಲಿಲ್ಲ. ಏನು ಮಾಡುತ್ತಿದ್ದೇನೆಂದು ಯೋಚಿಸದೆಯೇ ಒಂದೊಂದಾಗಿ ಮೂರನ್ನೂ ಅಳಿಸಿದಳು. ಫರ್ಹೀನಳ ಮೇಲ್ ಮತ್ತೆ ಮೇಲೆ ಬಂದು ಕೂತಿತು. ಇವತ್ತೊಂದು ದಿನ ಅವಳಿಗೆ ಈ ಕೆಲಸ ತಪ್ಪಲಿ ಎಂದುಕೊಂಡಳು. ಅಳಿಸಿ, ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು, ಸೊಪ್ಪು ಸೋಸಲು ಅಡುಗೆಮನೆಗೆ ಹೋದಳು.

ಸೋಮವಾರವೂ ಹಾಗೇ ಮಾಡಿದಳು. ಬಂದದ್ದನ್ನು ಬಂದ ಕೂಡಲೇ ತೆಗೆದಳು. ಮಂಗಳವಾರವೂ. ಮಾತು ಬಾರದಿದ್ದರೂ ಇಷ್ಟು ಮಾಡಬಹುದಿತ್ತು. ತೆಗೆಯುವಾಗೆಲ್ಲ ಒಂದು ರೀತಿಯ ಸಮಾಧಾನ, ಅದರ ಬೆನ್ನಿಗೇ ಭಯ. ಈ ಪೆಟ್ಟಿಗೆಯಲ್ಲಿ ತಾನಲ್ಲದೆ ಇನ್ನೊಬ್ಬರ ಕೈ ಆಡಿದೆಯೆಂದು ಅಲ್ಲಿಯವಳಿಗೆ ತಿಳಿಯುತ್ತದೆಯೇ? ತಿಳಿದರೆ ಏನೆಂದುಕೊಳ್ಳುತ್ತಾಳೆ? ಕಳ್ಳ ಬಂದನೆಂದು ಹೆದರಿ ಪಾಸ್‌ವರ್ಡ್ ಬದಲಿಸಿಬಿಟ್ಟರೆ? ಆಗ ಈ ಬಾಗಿಲೂ ಮುಚ್ಚಿತು. ಬುಧವಾರ ಬೆಳಿಗ್ಗೆ ಆ ಯೋಚನೆ ಬಂದದ್ದೇ, ತಿಂಡಿಗೆ ಕೂತಿದ್ದವಳು ಅರ್ಧಕ್ಕೇ ಎದ್ದುಬಂದು ಪರದೆ ತೆರೆದು ಆ ಸಾಲು ಟೈಪ್ ಮಾಡಿದಳು. ಪಾಸ್‌ವರ್ಡ್ ಹಿಡಿಯಿತು. ತೆಗೆದುಹಾಕಿದ್ದು ಏನೂ ಇಲ್ಲ. ಹೊಸದು ಒಂದು.

ಸೀರೆಯೆಂದೇ ಅಂದುಕೊಂಡು ತೋರಿಸು ಎಂದಳು. ಸೀರೆಯಾಗಿರಲಿಲ್ಲ. ಬಂದ ವಿಳಾಸ, ಹೋಗುವ ವಿಳಾಸ, ಎರಡೂ ಒಂದೇ. ಯಾರು ಬರೆದದ್ದೆಂದು ತಿಳಿಯಲು ಈ ಸಲ ಅವಳು ಯಾವ ಅಂಕಿಯನ್ನೂ ನೋಡಲಿಲ್ಲ. ಒಳಗಿದ್ದದ್ದು ಒಂದೇ ಪದ.

‘ಬಂದ್ಯಾ?’

“ಇಡ್ಲಿ ಆರೋಗ್ತಿದೆ ಕಣೇ,” ಎಂದು ಮಹೇಂದ್ರ ಒಳಗಿನಿಂದ ಕೂಗಿದ. ನಯನಾಳಿಗೆ ಕೇಳಿಸಲಿಲ್ಲ. ಚಟ್ನಿ ಮೆತ್ತಿದ ಕೈಯನ್ನು ಸೀರೆಗೇ ಒರೆಸಿಕೊಂಡು, ಕಣ್ಣೊರೆಸಿಕೊಳ್ಳುವುದನ್ನು ಮರೆತು, ಅವಳು ‘ಬಂದೆ ಕಣೇ’ ಎಂದು ಟೈಪ್ ಮಾಡಿದಳು.